ಟೈಲರಕ್ಕ ಹೇಳಿದ ಅರ್ಥ

ಕೆಳತುಟಿಯ ಎಡಬದಿಯಲ್ಲಿ ಮೂರೋ ನಾಲ್ಕೋ ಗುಂಡುಸೂಜಿ ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದದ್ದು. ಸೂಜಿ ಬೀಳುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ಬಾಯಿಯ ಬಲಬದಿಯಿಂದ ಮಾತ್ರ ಹೊರಗೆ ಬರುವ ಆ ಮಾತಿಗೆ ಹಲ್ಲು ಕಚ್ಚಿದ ಧಾಟಿ ಇತ್ತು. ಹಾಗಾಗಿ ಜಪಾನಿನವರೆಲ್ಲ ಹಲ್ಲು ಕಚ್ಚಿಕೊಂಡೇ ಮಾತಾಡುವುದು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಜಪಾನಿನವರ ಮಾತನ್ನು ನಾನು ಮೊದಲು ಕೇಳಿದ್ದೇ ಸುಳ್ಯದ ಟೈಲರಕ್ಕನ ಬಾಯಿಂದ.

ನಮ್ಮ ಐವರ್ನಾಡಿನ ಬಸ್ಸು ಶಾಲೆ ಬಿಟ್ಟು ಒಂದು ಗಂಟೆಯ ಮೇಲೆ. ಅಲ್ಲಿಯವರೆಗೆ ನಾವು ನಾಲ್ಕೈದು ಮಕ್ಕಳು ಬಸ್‌ಸ್ಟ್ಯಾಂಡಿನ ಎದುರಿದ್ದ ಅವರ ಅಂಗಡಿಯಲ್ಲಿ ಬಟ್ಟೆಯ ತುಂಡುಗಳ ರಾಶಿಯ ಮೇಲೆ ಕೂರುತ್ತಿದ್ದೆವು. ಮೆಷಿನ್ನಿನ ಪಕ್ಕ ಒಂದು ಸಣ್ಣ ಟಿವಿ. ಅದರಲ್ಲಿ ಸಂಜೆ ಜಪಾನಿನ ಒಂದು ಕಾರ್ಟೂನ್ ಸೀರಿಯಲ್ ಬರುತ್ತಿತ್ತು, ಹಿಂದಿಯಲ್ಲಿ. ಅದನ್ನು ಅನಿಮೆ ಅಂತ ಕರೆಯುವುದು ಎಂದು ಗೊತ್ತಾದದ್ದು ದೊಡ್ಡವಳಾದ ಮೇಲೆ. ನಮ್ಮ ಹಿಂದಿ ಮಾವಿನಹಣ್ಣು, ಹಸು, ಶಾಲೆ ಇಷ್ಟಕ್ಕೆ ಮುಗಿಯುತ್ತಿತ್ತು. ಹಾಗಾಗಿ ಅಕ್ಕ ಸೌಂಡು ಸಣ್ಣ ಮಾಡಿ ಅರ್ಥ ಹೇಳುತ್ತಿದ್ದರು. ತಾಳಮದ್ದಳೆಯಲ್ಲಿ ಭಾಗವತರ ಪದ್ಯಕ್ಕೆ ಅರ್ಥಧಾರಿ ಅರ್ಥ ಹೇಳುತ್ತಾರಲ್ಲ, ಥೇಟ್ ಹಾಗೆ. ಕಾಲು ಪೆಡಲಿನ ಮೇಲೆ, ಕಣ್ಣು ಹೊಲಿಗೆಯ ಮೇಲೆ, ಕಿವಿ ಟಿವಿಯ ಮೇಲೆ.

ಕಥೆ ಒಂದು ದ್ವೀಪದ ಹುಡುಗಿಯದ್ದು. ಅವಳು, ಅವಳ ಅಮ್ಮ, ಜೊತೆಗೊಂದು ಏಡಿ. ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಅನ್ನುವುದು, ಅಕ್ಕ ಅವಳಿಗೆ ಅದನ್ನೇ ಹೆಸರು ಮಾಡಿಬಿಟ್ಟರು. ಏಡಿ ತುಳು ಮಾತಾಡುತ್ತಿತ್ತು. ಅದು ಪರದೆಯ ಮೇಲೆ ಬಂದರೆ ಸಾಕು, 'ಎಂಕ್ ಬಡವಾಪುಂಡು' ಎಂದು ಹಸಿವು ಹೇಳಿಕೊಳ್ಳುವುದು, ನಾವು ಬಿದ್ದು ಬಿದ್ದು ನಗುವುದು. ದ್ವೀಪದ ಯಜಮಾನ ಮಾತ್ರ ಪುತ್ತೂರು ಕೋರ್ಟಿನ ವಕೀಲರ ಹಾಗೆ ಗ್ರಾಂಥಿಕ ಬಿಡುತ್ತಿದ್ದ. ನಡುವೆ ಯಾರಾದರೂ ಬಂದು ಬ್ಲೌಸ್ ಆಯಿತಾ ಎಂದು ಅವಸರ ಮಾಡಿದರೆ ಅಕ್ಕನಿಗೆ ಮಂಡೆ ಬಿಸಿ. "ಬ್ಲೌಸು ಮದುವೆಗಾ, ಮದುವೆ ಬ್ಲೌಸಿಗಾ? ಕೂತ್ಕೊಳ್ಳಿ ಮಾರಾಯ್ರೆ!" ಅವರೂ ಕೂತು ಗೂಡೆಯ ಕಥೆ ಕೇಳಬೇಕು. ಕತ್ತರಿ ಹಿಡಿದಾಗ ಮಾತ್ರ ಅಕ್ಕ ಬಾಯಿ ಬಿಡುತ್ತಿರಲಿಲ್ಲ. ಬಟ್ಟೆ ಕತ್ತರಿಸುವಾಗ ಮಾತಾಡಿದರೆ ಅಳತೆ ತಪ್ಪುತ್ತದೆ ಎಂಬುದು ಅವರ ಶಾಸ್ತ್ರ. ಅಷ್ಟು ಹೊತ್ತು ಜಪಾನಿನವರು ಸುಮ್ಮನೆ ಬಾಯಿ ಅಲ್ಲಾಡಿಸುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿರುವಾಗ ಅಮ್ಮ ಮನೆ ಬಿಟ್ಟು ಹೋದಳು. ಶಾಲೆಯಿಂದ ಬಂದರೆ ಅವಳಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಅಪ್ಪ ತೋಟಕ್ಕೆ ಇಳಿದರು. ಅಜ್ಜಿ, "ಹೋದವಳ ಹೆಸರು ಈ ಮನೆಯಲ್ಲಿ ಎತ್ಬೇಡ" ಎಂದರು. ಅಷ್ಟೇ. ಅದಾಗಿ ತಿಂಗಳಾಗುವ ಮೊದಲೇ ಆ ಸೀರಿಯಲ್ಲಿನಲ್ಲಿ ಒಂದು ಸಂಜೆ ಗೂಡೆ ನಿದ್ದೆ ಮಾಡುತ್ತಿರುವಾಗ ಅವಳ ಅಮ್ಮ ಯಾರದ್ದೋ ದೋಣಿ ಹತ್ತಿ ಕೂತಳು. ಬೆನ್ನು ಮಾತ್ರ ಕಾಣುತ್ತಿತ್ತು. ದೋಣಿ ಹೊರಟಿತು, ಅವಳು ತಿರುಗಿ ನೋಡಲಿಲ್ಲ. ನನ್ನ ಜೊತೆ ಕೂತಿದ್ದವಳೊಬ್ಬಳು ನನ್ನ ಕಡೆ ತಿರುಗಿ, "ಇವಳ ಅಮ್ಮನ ಹಾಗೇ ಅಲ್ವಾ?" ಅಂದಳು.

ಅಕ್ಕನ ಕೈಯಲ್ಲಿ ಆಗ ಕತ್ತರಿ ಇತ್ತು. ಅದನ್ನು ಕೆಳಗಿಟ್ಟರು. "ಬಾಯಿ ಮುಚ್ಚು. ಅವಳು ಹೋಗುದಲ್ಲ, ಅವಳನ್ನು ಕೊಂಡೋಗುದು. ತಿರುಗಿ ನೋಡಿದ್ರೆ ನಿನ್ನ ಮಗಳನ್ನು ಉಳಿಸುದಿಲ್ಲ ಅಂತ ಆ ದೋಣಿಯವ ಹೆದರಿಸಿದ್ದಾನೆ. ಅದಕ್ಕೆ ನೋಡದ್ದು. ಅವನ ಕಣ್ಣು ತಪ್ಪಿಸಿ ಬಂದೇ ಬರ್ತಾಳೆ. ಬಂದಾಗ ಗೂಡೆ ಮನೆಯಲ್ಲಿ ಸಿಗ್ಬೇಕು, ಅಷ್ಟೆ."

ಅಯ್ಯೋ, ಆ ಸಂಜೆ ನನಗಾದ ಸಮಾಧಾನ! ಬಸ್ಸಿನಲ್ಲಿ ನಿಂತೇ ಹಾಡಿಕೊಂಡು ಹೋದೆ. ಸ್ವಲ್ಪ ದಿನದಲ್ಲೇ ಚಾನೆಲ್ಲಿನವರು ಸೀರಿಯಲ್ಲನ್ನು ಅರ್ಧಕ್ಕೆ ನಿಲ್ಲಿಸಿ ಬೇರೇನೋ ಹಾಕಿದರು. ಕೊನೆ ಯಾರೂ ನೋಡಲಿಲ್ಲ. ನನಗೆ ನೋಡಬೇಕೆಂದೂ ಇರಲಿಲ್ಲ, ನನಗೆ ಗೊತ್ತಿತ್ತಲ್ಲ.

ಹಾಗೆ ಅಮ್ಮನನ್ನು ಕಾದು ಕೂತವಳು ಕೂತೇ ಬಿಟ್ಟೆ. ಅಮ್ಮ ಇರುವುದು ಬಂದಡ್ಕದ ಕಡೆ, ಆಲೆಟ್ಟಿ ದಾಟಿ ಗಡಿಯಾಚೆ ಕೇರಳದಲ್ಲಿ, ಸುಳ್ಯದಿಂದ ಬಸ್ಸಿನಲ್ಲಿ ಒಂದು ಗಂಟೆ ಕೂಡ ಇಲ್ಲ ಎಂದು ಪಿಯುಸಿಯಲ್ಲಿರುವಾಗ ಗೊತ್ತಾಯಿತು. ಹೋಗಲಿಲ್ಲ. ಮಂಗಳೂರಿನಲ್ಲಿ ಕೆಲಸ ಸಿಕ್ಕಿತು, ಅದಕ್ಕೂ ಹೋಗಲಿಲ್ಲ. ಪುತ್ತೂರಿನ ಒಂದು ಕನ್ನಡಕದ ಅಂಗಡಿಗೆ ಸೇರಿ ಸಂಜೆ ಸಂಜೆ ಮನೆಗೆ ಓಡಿ ಬಂದೆ. ಯಾರೂ ಅವಳನ್ನು ಹಿಡಿದಿಟ್ಟಿಲ್ಲ ಎಂಬುದು ಬುದ್ಧಿಗೆ ಗೊತ್ತಿತ್ತು. ಮನಸ್ಸಿಗೆ ಹೇಳುವವರು ಯಾರು? ಬರಬೇಕಾದವಳು ಅವಳು, ಬರಲಿ. ಇದೊಂದೇ ಹಟ.

ಹೋದ ವರ್ಷ ಆ ಸೀರಿಯಲ್ಲನ್ನು ಹೊಸತಾಗಿ ಮಾಡಿ ಬಿಟ್ಟರು. ಕುಣಿದಾಡಿಕೊಂಡು ನೋಡಲು ಕೂತೆ. ಹಳೆಯದರಲ್ಲಿ ಸಮುದ್ರಕ್ಕೆ ಒಂದೇ ಅಲೆ, ಅದೇ ಅಲೆ ಹೋಗುವುದು, ಅದೇ ಅಲೆ ಬರುವುದು. ಹೊಸದರಲ್ಲಿ ನೀರು ಒದ್ದೆ ಕಾಣುತ್ತದೆ, ಕೂದಲಿನ ಒಂದೊಂದು ಎಳೆಯೂ ಗಾಳಿಗೆ ಹಾರುತ್ತದೆ. ಎಲ್ಲ ಸರಿ. ಆದರೆ ಎಂತ ಅವಸರ! ನಾವು ಒಂದು ವಾರ ಉಗುರು ಕಚ್ಚಿ ಕಾದದ್ದು ಇಲ್ಲಿ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹಿನ್ನೆಲೆ ಸಂಗೀತಕ್ಕೆ ಉಸಿರು ತೆಗೆದುಕೊಳ್ಳಲು ಪುರುಸೊತ್ತಿಲ್ಲ. ಏಡಿಗೆ ಮಾತೇ ಇಲ್ಲ. ಇದನ್ನೆಲ್ಲ ಹೇಗೋ ನುಂಗಿಕೊಂಡೆ. ಆಮೇಲೆ ಬಂತು ನೋಡಿ, ಅಮ್ಮನದ್ದೇ ಒಂದು ಇಡೀ ಕಂತು. ಹಳೆಯದರಲ್ಲಿ ಬೆನ್ನು ಮಾತ್ರ ಇದ್ದವಳಿಗೆ ಇಲ್ಲಿ ಮುಖ ಉಂಟು, ಕಣ್ಣಿನ ಕೆಳಗೆ ಕಪ್ಪು ಉಂಟು. ದೋಣಿಯಲ್ಲಿ ಕೂತು ಅವಳು ಹೇಳುವುದು ಕೆಳಗೆ ಅಕ್ಷರದಲ್ಲಿ ಬಂತು: ಇಲ್ಲಿ ಇದ್ದರೆ ನಾನು ಸಾಯುತ್ತೇನೆ, ಮಗು ಏಳುವ ಮೊದಲು ಹೋಗೋಣ. ದೋಣಿ ಹೊರಟ ಮೇಲೆ ತಿರುಗಿ ನೋಡುತ್ತಾಳೆ. ನೋಡಿಯೂ ಹೋಗುತ್ತಾಳೆ!

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅನಿಮೆ ನೋಡುವವರ ಒಂದು ಗುಂಪು ಫೋನಿನಲ್ಲಿ ಉಂಟು, ಅಲ್ಲಿ ಉದ್ದಕ್ಕೆ ಬರೆದು ಹಾಕಿದೆ. ಹಳೆಯ ಕಥೆಯ ಕುತ್ತಿಗೆ ಹಿಸುಕಿದ್ದಾರೆ, ಬಲವಂತದಿಂದ ಕೊಂಡುಹೋದ ತಾಯಿಯನ್ನು ಓಡಿಹೋದವಳಾಗಿ ಮಾಡಿದ್ದಾರೆ, ಇವರಿಗೆ ನಾಚಿಕೆ ಇಲ್ಲವಾ ಅಂತೆಲ್ಲ. ಅರ್ಧ ಗಂಟೆಯಲ್ಲಿ ಯಾರೋ ಉತ್ತರ ಬರೆದರು: 'ಯಾವ ಊರಿನ ಒರಿಜಿನಲ್ ನೋಡಿದ್ದೀರಿ ಮೇಡಂ?' ಅದರ ಕೆಳಗೆ ನಗುವ ಮುಖಗಳ ಸಾಲು. ಇವರಿಗೆ ತೋರಿಸಿಯೇ ಬಿಡುತ್ತೇನೆ ಎಂದು ಹಳೆಯ ಕಂತು ಹುಡುಕಿ ತೆಗೆದೆ. ಅದೇ ಬೆನ್ನು, ಅದೇ ಒಂಟಿ ಅಲೆ. ಕೆಳಗೆ ಅಕ್ಷರ: ಇಲ್ಲಿ ಇದ್ದರೆ ನಾನು ಸಾಯುತ್ತೇನೆ, ಮಗು ಏಳುವ ಮೊದಲು ಹೋಗೋಣ. ಹೊಸಬರು ಸೇರಿಸಿದ್ದು ಆ ತಿರುಗಿ ನೋಡುವುದೊಂದನ್ನೇ.

ಕೂತಲ್ಲಿ ಕೂರಲಾಗಲಿಲ್ಲ. ಮರುದಿನ ಕೆಲಸಕ್ಕೆ ರಜೆ ಹಾಕಿ ಸುಳ್ಯದ ಬಸ್ಸು ಹತ್ತಿದೆ. ಅಕ್ಕ ಆಗಲೇ ಅಂಗಡಿ ಮುಚ್ಚಿದ್ದರು, ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತ ತಂಗಿಯ ಮನೆಯಲ್ಲಿದ್ದರು. ಕಾಲು ಬೀಗಿತ್ತು. ನಾನು ಹೇಗಿದ್ದೀರಿ ಎಂದು ಕೂಡ ಕೇಳದೆ ಫೋನು ಹಿಡಿದು ಎರಡನ್ನೂ ತೋರಿಸಿದೆ, ಮೊದಲು ಹಳೆಯದು, ಆಮೇಲೆ ಹೊಸತು. ಕನ್ನಡಕ ಏರಿಸಿ ನೋಡಿದರು.

"ಹಳೆಯದ್ರಲ್ಲಿ ಅವಳ ಬಟ್ಟೆಗೆ ಹೊಲಿಗೆಯೇ ಇಲ್ಲ. ಇದ್ರಲ್ಲಿ ನೆರಿಗೆ ಕೂಡ ಸರಿ ಕೂತಿದೆ. ಚಂದ ಉಂಟು ಮಾರಾಯ್ತಿ."

"ಅಕ್ಕ, ಅವಳನ್ನು ಯಾರೂ ಕೊಂಡೋಗ್ಲಿಲ್ಲ. ಅವಳೇ ಹೋದದ್ದು."

"ಹೌದು."

"ನಿಮಗೆ ಗೊತ್ತಿತ್ತಾ? ನಿಮಗೆ ಹಿಂದಿ ಸರಿ ಬರ್ತದಾ?"

"ಬೊಂಬಾಯಲ್ಲಿ ಅಷ್ಟು ವರ್ಷ ಬಟ್ಟೆ ಫ್ಯಾಕ್ಟರಿಯಲ್ಲಿ ದುಡಿಯುವಾಗ ನಾನೆಂತ ತುಳು ಮಾತಾಡಿದ್ದಾ?"

ನಾನು ಅಲ್ಲಿಯವರೆಗೆ ಅವರಿಗೆ ಹಿಂದಿ ಅರೆಬರೆ, ಊಹೆಯಲ್ಲಿ ತಪ್ಪಿದ್ದಾರೆ ಎಂದುಕೊಂಡಿದ್ದೆ. ಗೊತ್ತಿದ್ದೂ ಹೇಳಿದ್ದು ಎಂದಾಗ ಬೊಬ್ಬೆ ಹೊಡೆದೆ, ಒಳಗಿಂದ ಅವರ ತಂಗಿ ಓಡಿ ಬಂದರು. "ನಿಮ್ಮ ಆ ಮಾತು ನಂಬಿ ನಾನು ಕೂತೆ ಅಕ್ಕ! ಇಷ್ಟು ವರ್ಷ! ಒಂದು ಗಂಟೆ ದಾರಿ, ಒಂದು ಸಲ ಹೋಗ್ಲಿಲ್ಲ!"

ಅಕ್ಕ ತಂಗಿಗೆ ಕೈಸನ್ನೆ ಮಾಡಿ ಒಳಗೆ ಕಳಿಸಿದರು. "ನಿಂಗೆ ಹತ್ತು ವರ್ಷ. ಎಲ್ಲ ಮಕ್ಕಳೂ ನಿನ್ನ ಮುಖ ನೋಡ್ತಿದ್ರು. ನಾನು ಮತ್ತೆಂತ ಅರ್ಥ ಹೇಳ್ಬೇಕಿತ್ತು, ನೀನೇ ಹೇಳು."

ನಾನು ಫೋನು ಆರಿಸಿ ಚೀಲಕ್ಕೆ ಹಾಕಿದೆ. ಅವರೇ ಮುಂದುವರಿಸಿದರು, "ನಿನ್ನಮ್ಮ ಜೀಪು ಹತ್ತಿದ್ದು ನನ್ನ ಅಂಗಡಿಯ ಎದುರಿಂದಲೇ. ನಾನು ಬಾಗಿಲಲ್ಲಿ ನಿಂತಿದ್ದೆ. ಹತ್ತುವ ಮೊದಲು ನಿನ್ನ ಶಾಲೆಯ ರಸ್ತೆಯ ಕಡೆ ತಿರುಗಿ ನೋಡಿದ್ಳು. ಜೀಪಿನವ ಹೊರಡ್ಲಿಕ್ಕೆ ಕೂಗಿ ಕೂಗಿ ಕರೀತಿದ್ದ, ಇವಳು ನೋಡ್ತಾ ನಿಂತೇ ಇದ್ಳು. ಅದನ್ನು ನಾನು ನಿಂಗೆ ಹೇಳ್ಬೇಕಿತ್ತು. ಆಗ ಹೇಳಿದ್ರೆ ನೀನು ಆ ರಸ್ತೆಯಲ್ಲೇ ನಿಲ್ತಿದ್ದಿ ಅಂತ ಹೆದರಿಕೆ. ಮತ್ತೆ ನೀನು ದೊಡ್ಡವಳಾದಿ, ನೀನೇ ಹೋಗ್ತಿ ಅಂತ ನಾನೂ ಕಾದೆ. ಕಾಯ್ಲಿಕ್ಕೆ ಹೇಳಿದ್ದು ನಾನು. ಹೋಗು ಅಂತ ಹೇಳುದೂ ನಾನೇ ಆಗ್ಬೇಕಾ? ಹೋಗು ಮಾರಾಯ್ತಿ!"

ಹೋದೆ. ತಕ್ಷಣ ಅಲ್ಲ. ಒಮ್ಮೆ ಬಂದಡ್ಕದ ಬಸ್ಸು ಹತ್ತಿ ಆಲೆಟ್ಟಿಯಲ್ಲಿ ಇಳಿದು ಹಿಂದೆ ಬಂದೆ. ಇನ್ನೊಮ್ಮೆ ಅವಳ ಮನೆಯ ಗೇಟು ನೋಡಿ ಬಂದೆ. ಮೂರನೆಯ ಸಲ ಒಳಗೆ ಹೋದೆ. ಅಮ್ಮನಿಗೆ ಕೂದಲು ಅರ್ಧ ಬೆಳ್ಳಗಾಗಿತ್ತು, ಮಾತಿನಲ್ಲಿ ಮಲಯಾಳ ಸೇರಿತ್ತು. ಚಾ ಮಾಡಿದಳು. ಸಕ್ಕರೆ ಎಷ್ಟು ಎಂದು ಕೇಳಿದಳು, ಅದೂ ಗೊತ್ತಿಲ್ಲವಲ್ಲ ನಿನಗೆ ಎಂದು ನನಗೆ ರೇಗಿತು. ಫೋನ್ ನಂಬರು ಕೊಟ್ಟಳು. ಚಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಅಕ್ಕನಿಗೆ ಹೇಳಿದರೆ ಅವರು ಬೆಡ್ಡಿನಲ್ಲೇ ನಕ್ಕರು. "ಅರ್ಧ ಚಾ ಕುಡಿದಿಯಲ್ಲ, ಸಾಕು. ಎಷ್ಟು ಸಪೂರ ಆಗಿದ್ದಾಳೆ? ಅವಳ ಬ್ಲೌಸಿನ ಅಳತೆ ನಂಗೆ ಈಗಲೂ ನೆನಪುಂಟು."

ಮತ್ತೆ ನಾನು ಅಮ್ಮನಿಗೆ ಫೋನು ಮಾಡಲಿಲ್ಲ. ನಂಬರು ತೆಗೆಯುವುದು, ನೋಡುವುದು, ಇಡುವುದು. ಹೊಸ ಸೀರಿಯಲ್ಲಿನ ಉಳಿದ ಕಂತುಗಳನ್ನೂ ನೋಡಲಿಲ್ಲ. ಅದರಲ್ಲಿ ಗೂಡೆಯೇ ದೋಣಿ ಹತ್ತಿ ಹೊರಡುತ್ತಾಳಂತೆ. ಹೊರಡಲಿ ಪಾಪ, ಅವಳಿಗೆ ಮಳೆಗಾಲದಲ್ಲಿ ಕೆಟ್ಟು ನಿಲ್ಲುವ ಬಸ್ಸಿನ ಉಪದ್ರ ಇಲ್ಲ. ಯಾವುದು ಒಳ್ಳೆಯದು, ಹಳೆಯದಾ ಹೊಸದಾ ಎಂದು ಗುಂಪಿನಲ್ಲಿ ಈಗಲೂ ಜಗಳ ನಡೆಯುತ್ತದೆ. ನಾನು ಬಾಯಿ ಹಾಕುವುದಿಲ್ಲ. ನಾನು ನೋಡಿದ್ದು ಮೂರನೆಯದ್ದು, ಅದು ಇವರಿಗೆಲ್ಲೂ ಸಿಗುವುದಿಲ್ಲ. ಅದರಲ್ಲಿ ಸುಳ್ಳು ಇತ್ತು. ಆ ಸುಳ್ಳಿನ ಮೇಲೆ ನನಗೆ ಸಿಟ್ಟುಂಟು. ಅದಿಲ್ಲದಿದ್ದರೆ ಆ ವರ್ಷ ನಾನು ಶಾಲೆಗೆ ಹೋಗುತ್ತಿರಲಿಲ್ಲ, ಅನ್ನ ತಿನ್ನುತ್ತಿರಲಿಲ್ಲ ಎಂಬುದೂ ಗೊತ್ತುಂಟು.

ಈ ಸಲದ ಮಳೆ ಬಿಡುವ ಹೊತ್ತಿಗೆ, ಒಂದು ಬೆಳಿಗ್ಗೆ, ಟೈಲರಕ್ಕ ತೀರಿಹೋದರು ಎಂದು ಅವರ ತಂಗಿ ಫೋನು ಮಾಡಿದರು. ಯಾರಿಗೆ ಹೇಳುವುದು? ಜೊತೆಗೆ ಕೂತು ಕಥೆ ಕೇಳಿದವರೆಲ್ಲ ಎಲ್ಲೆಲ್ಲೋ ಇದ್ದಾರೆ. ಕೈ ತಾನಾಗಿಯೇ ಆ ನಂಬರು ಒತ್ತಿತು.

"ಅಮ್ಮ, ಟೈಲರಕ್ಕ ಹೋದ್ರು."

ಆಚೆ ಕಡೆ ಗ್ಯಾಸ್ ಒಲೆ ಆರಿಸಿದ ಸದ್ದು. ಆಮೇಲೆ, "ಎಷ್ಟು ಗಂಟೆಗೆ ತೆಗೀತಾರೆ?"

"ಹನ್ನೊಂದಕ್ಕೆ."

"ನಾನು ಬರ್ತೇನೆ."

ಮನೆ ಬಿಟ್ಟ ಮೇಲೆ ಅಮ್ಮ ಸುಳ್ಯಕ್ಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ನಾನು ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಂದಿತ್ತ ನಡೆದೆ. ಬರುವುದಿಲ್ಲ, ಎಲ್ಲಿ ಬರುತ್ತಾಳೆ, ಹಾಗೆಲ್ಲ ಬರುವವಳಾ ಎಂದು ನನಗೆ ನಾನೇ ಬೈದುಕೊಂಡೆ. ಬಂದಡ್ಕದ ಬಸ್ಸು ಬಂತು. ಬಾಗಿಲಿನ ಸರಳು ಹಿಡಿದು, ಒಂದೊಂದೇ ಮೆಟ್ಟಿಲು ನೋಡಿ ನೋಡಿ ಅಮ್ಮ ಇಳಿದಳು. ಮುಖ ಅತ್ತು ಊದಿತ್ತು. ನನ್ನ ಸಿಟ್ಟು ಇಳಿದಿರಲಿಲ್ಲ, ಇಳಿಯುತ್ತದೆ ಎಂದೂ ಅನಿಸುವುದಿಲ್ಲ. ಹೋಗಿ ಅವಳ ಕೈಯಿಂದ ಚೀಲ ತೆಗೆದುಕೊಂಡೆ. "ಬಾ, ಹೊತ್ತಾಯ್ತು" ಎಂದೆ.