ಲೀಫ್ ಅಂದರೆ ಯಾವುದು?

"ನಿಮ್ಮ ಪ್ರೋಗ್ರಾಂ ನಮ್ಮೂರಿನ ಒಂದು ಮೂಟೆ ಲೀಫನ್ನೂ ಒಪ್ಪಿಕೊಳ್ಳುತ್ತಿಲ್ಲ!"

ಸ್ಪೀಕರ್ ಫೋನಿನಲ್ಲಿ ಅಮೆರಿಕದ ಗಿರಾಕಿ ಕೂಗಿದಾಗ ಊಟಿಯ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನವರೆಲ್ಲ ಫೋನಿನ ಸುತ್ತ ಸೇರಿದರು. ಹೊರದೇಶದಿಂದ ನಮಗೆ ಸಿಕ್ಕಿದ್ದ ಮೊದಲ ಕೆಲಸ ಅದು. ಮನೆಮನೆಯ ಲೀಫ್ ಮೂಟೆಗಳನ್ನು ಪರೀಕ್ಷಿಸಿ, ತೂಗಿ, ಲಾರಿಗೆ ಹಾಕುವುದಕ್ಕೆ ಪ್ರೋಗ್ರಾಂ ಬೇಕು ಎಂದಿದ್ದರು. ನಮಗೆ ಇದಕ್ಕಿಂತ ಸುಲಭದ್ದು ಯಾವುದಿತ್ತು? ನೀಲಗಿರಿಯಲ್ಲಿ ಲೀಫ್ ಅಂದರೆ ಟೀ ಎಲೆಯೇ. ನಾನೂ ನಮ್ಮ ಆಫೀಸಿನ ಹಿರಿಯರಾದ ಬೋಜಣ್ಣನವರೂ ಟೀ ತೋಟದ ಮನೆಯವರು. ಹಾಗಾಗಿ ನಮ್ಮ ಫ್ಯಾಕ್ಟರಿಗಳಲ್ಲಿ ಮಾಡುವಂತೆಯೇ, ಎಲೆ ಬಲಿತಿದ್ದರೆ, ಒಣಗಿದ್ದರೆ, ಹಳದಿಯಾಗಿದ್ದರೆ ಮೂಟೆ ವಾಪಸ್ ಎಂದು ಪ್ರೋಗ್ರಾಂ ಬರೆದಿದ್ದೆವು.

"ಒಣಗಿದ ಎಲೆಯನ್ನು ಜನ ಯಾಕೆ ಕೊಡುತ್ತಾರೆ?" ಎಂದು ನಾನು ಇಂಗ್ಲಿಷಿನಲ್ಲೇ ಕೇಳಿದೆ.

ಆ ಕಡೆಯಿಂದ ಗಿರಾಕಿ ಹೇಳಿದ: "ಅದು ಅಂಗಳದಲ್ಲಿ ಮರದಿಂದ ಉದುರಿದ ಎಲೆ. ಕಸ. ನಾವು ಅದನ್ನು ಎಸೆಯಲು ಒಯ್ಯುತ್ತೇವೆ."

ಬೋಜಣ್ಣನವರ ಮುಖ ಬಿಳಚಿಕೊಂಡಿತು. "ಲೀಫು ಕಸವಾ? ಏನಮ್ಮಾ ಹೇಳ್ತಾನೆ ಅವನು?" ಎಂದು ನನ್ನತ್ತ ತಿರುಗಿದರು. ನಾನು ಗಿರಾಕಿ ಮೊದಲು ಕಳಿಸಿದ್ದ ಪತ್ರ ತೆರೆದು ನೋಡಿದೆ. ಲೀಫ್ ಅಂದರೇನೆಂದು ಅವರು ಬರೆದಿರಲಿಲ್ಲ. ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ವಾಪಸ್ ಕಳಿಸುವ ಆ ಸಾಲುಗಳನ್ನೆಲ್ಲ ಅಳಿಸಿ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಅವ್ವ ಟೀ ಎಲೆ ಕೀಳುವ ಬುಟ್ಟಿ ಹೊತ್ತು, "ಲೀಫಿಗೆ ಹೋಗಿ ಬರ್ತೀನಿ" ಎಂದಳು. ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೂ "ಯಾವ ಲೀಫು?" ಎಂದು ಕೇಳಿಬಿಟ್ಟೆ. ಅವಳು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು.