ಫಕೀರಬಿ ಹೊಲಿದ ತೋಳ

ಕಪ್ಪತಗುಡ್ಡದ ಮಗ್ಗುಲಿನ ಡೋಣಿ ಎಂಬ ಊರಿನಲ್ಲಿ ಫಕೀರಬಿ ಕೌದಿ ಹೊಲಿದು ಬದುಕುತ್ತಿದ್ದಳು. ಹಳೆ ಸೀರೆ, ಧೋತರದ ತುಂಡುಗಳನ್ನು ಪದರು ಪದರಾಗಿ ಜೋಡಿಸಿ ಅವಳು ಹೊಲಿದ ಹೊದಿಕೆ ಊರಿನ ಬಾಣಂತಿಯರಿಗೆಲ್ಲ ಬೇಕು. ಎಪ್ಪತ್ತೆಂಟನೆಯ ಇಸವಿಯಲ್ಲಿ ಬಾಲವಾಡಿ ಟೀಚರ್ ಶಂಕ್ರೆವ್ವ ಬಂದು ಬೇರೆಯದೇ ಒಂದು ಕೆಲಸ ಹೇಳಿದಳು. ಗದಗಿನಿಂದ ತಂದ ಚಿತ್ರದ ಪುಸ್ತಕದಲ್ಲಿ ಜಿರಾಫೆ, ಸೇಬು, ಹಡಗು ಇದ್ದವು. ಮಕ್ಕಳು ಸುಮ್ಮನೆ ಹಾಳೆ ತಿರುವಿಹಾಕುತ್ತಿದ್ದರು. ನಮ್ಮ ಗುಡ್ಡದ ಗಿಡ, ಪ್ರಾಣಿ, ನಮ್ಮ ಹಬ್ಬಗಳಿರುವ ಪುಸ್ತಕವೊಂದನ್ನು ಬಟ್ಟೆಯಲ್ಲೇ ಹೊಲಿದು ಕೊಡಲಾದೀತೇ ಎಂದು ಕೇಳಿದಳು.

ಅಕ್ಷರ ಬಾರದ ಫಕೀರಬಿಗೆ ನಗು ಬಂತು, ಆಸೆಯೂ ಆಯಿತು. ಹಳದಿ ಚೂರುಗಳಿಂದ ತಂಗಡಿ ಹೂ ಅರಳಿಸಿದಳು. ನವಿಲಿಗೆ ತನ್ನ ಮದುವೆ ಸೀರೆಯ ಸೆರಗನ್ನೇ ಕತ್ತರಿಸಿದಳು. ಮೊಹರಮ್ಮಿನ ಹೆಜ್ಜೆಮೇಳದ ಕುಣಿತದವರು, ಎಳ್ಳಮಾವಾಸ್ಯೆಯಂದು ಹೊಲಕ್ಕೆ ಎಡೆಯ ಚರಗ ಚೆಲ್ಲುವವರು ಒಂದೊಂದು ಪುಟಕ್ಕೆ ಬಂದರು. ತೋಳದ ಪುಟಕ್ಕೆ ಕಪ್ಪು ಬಟ್ಟೆ, ಕೆಂಪು ನಾಲಿಗೆ, ಸಾಲುಗಟ್ಟಿದ ಬಿಳಿ ಹಲ್ಲು.

ಮಕ್ಕಳು ಮುಗಿಬಿದ್ದರು. ಕುರಿ ಸಾಕಿದ್ದ ಗವಿಸಿದ್ದಪ್ಪನ ಪುಟ್ಟ ಮಗಳು ಹನಮಂತವ್ವ ಮಾತ್ರ ತೋಳದ ಮೇಲೆ ಬೆರಳಿಟ್ಟು ಕೇಳಿದಳು: "ಅಮ್ಮಾ, ನೀ ತ್ವಾಳ ನೋಡೀಯೇನ? ಇದು ಮರಿಗೆ ಏನ ಉಣಸತೈತಿ?"

ಫಕೀರಬಿ ನೋಡಿರಲಿಲ್ಲ. ಕುರಿ ಕಾಯುವವರ ಬಾಯಲ್ಲಿ ಕೇಳಿದ್ದನ್ನಷ್ಟೇ ಹೊಲಿದಿದ್ದಳು. ಸೂಜಿ ಹಿಡಿದಾಗಲೆಲ್ಲ ಆ ಪ್ರಶ್ನೆ ಕಾಡತೊಡಗಿ, ಕೊನೆಗೆ ಕುರುಬರ ತಿರಕಪ್ಪನನ್ನು ವಿಚಾರಿಸಿದಳು. ಕುರಿಮರಿಗಳನ್ನು ಕಳೆದುಕೊಂಡಿದ್ದ ಅವನು ತೋಳದ ಗವಿಗೆ ಹುಲ್ಲು ತುರುಕಿ, ಹೊಗೆ ಹಾಕಿ, ಅದರ ಮರಿಗಳನ್ನು ಕೊಲ್ಲಲು ಹೊರಟಿದ್ದ. ಬೇಕಾದರೆ ಬಾ ಎಂದ. ಹೊಗೆ ಹಾಕುವ ಮೊದಲು ತಾನು ಕಣ್ತುಂಬ ನೋಡಬೇಕೆಂದು ಅವಳು ಅವನಿಂದ ಮಾತು ತೆಗೆದುಕೊಂಡಳು.

ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಗವಿಯೆದುರಿನ ಕಾರೆಮುಳ್ಳಿನ ಕಂಟಿಯ ಮರೆಯಲ್ಲಿ ಕುಳಿತರು. ತೋಳ ಬಂತು. ಕಪ್ಪಾಗಿರಲಿಲ್ಲ, ಒಣಹುಲ್ಲಿನ ಬಣ್ಣ, ಬಡಕಲು ಮೈ, ಉದ್ದ ಕಾಲು. ಗವಿಯಿಂದ ಮರಿಗಳು ಉರುಳಿ ಬಂದು ಅದರ ಮೂತಿ ನೆಕ್ಕಿದವು. ಅದು ಬೆನ್ನು ಬಾಗಿಸಿ, ಹೊಟ್ಟೆಯಲ್ಲಿದ್ದ ಮಾಂಸವನ್ನು ಅವುಗಳ ಮುಂದೆ ಕಕ್ಕಿ, ತಾನು ದೂರ ಸರಿದು ಕುಳಿತಿತು.

ಹುಟ್ಟಿದಾಗಿನಿಂದ ಗುಡ್ಡದಲ್ಲೇ ಇದ್ದ ತಿರಕಪ್ಪನೂ ಇದನ್ನು ಕಂಡಿರಲಿಲ್ಲ. ತಂದ ಹುಲ್ಲಿನ ಹೊರೆ ಪಕ್ಕದಲ್ಲೇ ಬಿದ್ದಿತ್ತು. ಅವನು ಅದನ್ನು ಮುಟ್ಟದೆ ಮೆಲ್ಲಗೆ ಹೇಳಿದ: "ಹೊಟ್ಟ್ಯಾಗಿಂದ ತಗದ ಕೊಡತೈತಲ್ಲ ಅಕ್ಕಾ ಇದು. ನನ್ನ ಕೈಲೆ ಆಗೂದಿಲ್ಲ. ನಡಿ, ಹಟ್ಟೀನ ಆಕಡೆ ಒಯ್ತೀನಿ."

ಆ ವರ್ಷ ಅವನು ಕುರಿಹಟ್ಟಿಯನ್ನು ಗುಡ್ಡದಿಂದ ದೂರ ಹಾಕಿದ. ಉಳಿದ ಕುರಿಗಾರರು ಅವನನ್ನು ನೋಡಿ ನಕ್ಕರು. ತಾವು ಗವಿಗಳಿಗೆ ಹೊಗೆ ಹಾಕುವುದನ್ನೂ ಬಿಡಲಿಲ್ಲ. ಫಕೀರಬಿ ಹಲ್ಲುಗಳ ಹೊಲಿಗೆ ಬಿಚ್ಚಿ, ಮಾಸಿದ ಧೋತರದಲ್ಲಿ ಹೊಸ ತೋಳ ಮಾಡಿ, ಮುಂದೆ ಮರಿಗಳನ್ನಿಟ್ಟಳು. ಅವಳು ಹೇಳಿದ ಕಕ್ಕುವ ಸಂಗತಿ ಮಕ್ಕಳಿಗೆ ಎಲ್ಲಿಲ್ಲದ ಖುಷಿ ಕೊಟ್ಟಿತು. ಮನೆಯಲ್ಲಿ ಅಪ್ಪಂದಿರಿಗೆ ಬೆನ್ನು ಬಾಗಿಸಿ ಆಡಿ ತೋರಿಸಿದರು. ಮಗಳ ಹಠಕ್ಕೆ ಸೋತು ಗವಿಸಿದ್ದಪ್ಪ ಮರುವರ್ಷ ಹೊಗೆ ಹಾಕಲು ಹೋಗಲಿಲ್ಲ. ಅವನ ನಂತರ ಇನ್ನೂ ಕೆಲವರು ಹಿಂದೆ ಸರಿದರು.

ಪುಸ್ತಕದ ಖಬರು ಯಳವತ್ತಿ ಊರಿಗೂ ಮುಟ್ಟಿತು. ಅಲ್ಲಿಯ ಹೆಂಗಸರು ಬಂದು ನೋಡಿ, ತಮ್ಮ ಎರೆಹೊಲದ ಜಿಂಕೆ, ಬೆಳವದ ಹಕ್ಕಿಗಳನ್ನು ಹೊಲಿದುಕೊಂಡರು. ಫಕೀರಬಿ ಮಾತ್ರ ಕಾಣದ್ದನ್ನು ಮತ್ತೆ ಹೊಲಿಯಲಿಲ್ಲ. ಎಂಬತ್ತೈದನೆಯ ಇಸವಿಯ ಸುಮಾರಿಗೆ ಮುಳ್ಳುಹಂದಿಯ ಪುಟಕ್ಕೆಂದು ಗುಡ್ಡ ಹತ್ತಿದಳು, ತಿರಕಪ್ಪ ಜೊತೆಗಿದ್ದ. ಅವತ್ತು ಮುಳ್ಳುಹಂದಿ ಕಾಣಲಿಲ್ಲ. ಮರುದಿನ ಇಬ್ಬರೂ ಮತ್ತೆ ಹೋದರು.