ಮದರಾಸಿಗೆ ಹೊರಟ ಶನಿವಾರ

ನಾವಿಬ್ಬರೂ ಸಮುದ್ರ ಕಂಡವರಲ್ಲ. ನಾನು ಮಳವಳ್ಳಿ ಕಡೆಯ ಹಳ್ಳಿಯವನು, ನನ್ನ ಹೆಂಡತಿ ಮದ್ದೂರು ತಾಲ್ಲೂಕು ಕೊಪ್ಪದ ಹತ್ತಿರದವಳು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸ ಸಿಕ್ಕಿದ ಮೇಲೆ ಊರಾಚೆ, ನಾಲೆಯ ಕಡೆಗೆ, ಒಂದು ಪುಟ್ಟ ಹೆಂಚಿನ ಮನೆ ಹಿಡಿದು ಸಂಸಾರ ಹೂಡಿದ್ದೆವು. ನಾಲೆ ಬಂದ ಮೇಲೆ ಆ ಸೀಮೆಯಲ್ಲಿ ಭತ್ತ ಬಂತು, ಕಬ್ಬು ಬಂತು. ಜೊತೆಗೆ ಸೊಳ್ಳೆಯೂ ಚಳಿಜ್ವರವೂ ಬಂದವು. ಆ ಜ್ವರವೇ ನಮ್ಮ ಮೊದಲ ಮಗುವನ್ನು, ಇನ್ನೂ ಹಲ್ಲು ಮೂಡದ ಹೆಣ್ಣು ಕೂಸನ್ನು, ಕೊಂಡುಹೋಯಿತು.

ಹಾಲು ಕಟ್ಟಿಕೊಂಡು ನನ್ನ ಹೆಂಡತಿಯ ಎದೆ ಕಲ್ಲಾಗಿತ್ತು. ನನ್ನ ಅತ್ತೆ ಊರಿಂದ ಬಂದು ಮಲ್ಲಿಗೆ ಹೂವನ್ನಿಟ್ಟು ಬಟ್ಟೆ ಬಿಗಿದು ಕಟ್ಟಿದರು. ಹಾಲು ನಿಂತಿತು. ಅದರ ಜೊತೆಗೆ ಅವಳ ಮಾತೂ ನಿಂತಿತು. ಮುದ್ದೆ ತೊಳಸುತ್ತಿದ್ದಳು, ನೀರು ಸೇದುತ್ತಿದ್ದಳು, ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುತ್ತಿದ್ದಳು. ತವರಿಗೆ ಕರೆದುಕೊಂಡು ಹೋಗಿ ಒಂದಷ್ಟು ದಿನ ಇಟ್ಟುಕೊಂಡು ಮತ್ತೆ ತಂದುಬಿಟ್ಟರು. ಏನೂ ವ್ಯತ್ಯಾಸವಾಗಲಿಲ್ಲ.

ಕಾರ್ಖಾನೆಯಲ್ಲಿ ನನ್ನ ಮೇಸ್ತ್ರಿ ಮಂಡ್ಯದವರೇ ಆದ ಒಬ್ಬ ಸಾಬರು. ವಯಸ್ಸಿನ ಕಾಲದಲ್ಲಿ ಮದರಾಸಿನ ಬಂದರಿನಲ್ಲಿ ಯಂತ್ರಗಳ ರಿಪೇರಿ ಮಾಡಿಕೊಂಡಿದ್ದವರು. ಒಂದು ದಿನ ಊಟದ ಹೊತ್ತಿನಲ್ಲಿ, ನಾನು ಬುತ್ತಿ ಬಿಚ್ಚದೆ ಕೂತಿದ್ದನ್ನು ನೋಡಿ, "ಅವಳ್ನ ಒಂದ್ಸಲ ಮದರಾಸಿಗೆ ಕರ್ಕೊಂಡೋಗ್ಲಾ. ಸಮುದ್ರ ತೋರ್ಸು. ನನ್ನೆಂಡ್ರು ಸತ್ತಾಗ ನಾನು ದಿನಾ ಸಂಜೆ ಅದ್ರ ಮುಂದೆ ಓಗಿ ಕೂತ್ಕೋತಿದ್ದೆ. ಅದು ಏನೂ ಯೋಳಕ್ಕಿಲ್ಲ, ಏನೂ ಕೇಳಕ್ಕಿಲ್ಲ. ಅದ್ಕೇ ಒಳ್ಳೇದು" ಅಂದರು.

ರಜ ಎಲ್ಲಿ ಎಂದು ಕೇಳಿದೆ. ಅದಕ್ಕೂ ದಾರಿ ಹೇಳಿಕೊಟ್ಟರು. ಶನಿವಾರ ಮಧ್ಯಾಹ್ನದ ರೈಲಿಗೆ ಬೆಂಗಳೂರು, ಅಲ್ಲಿಂದ ರಾತ್ರಿಯ ಮದರಾಸು ಮೇಲ್ ಗಾಡಿ. ಭಾನುವಾರ ಬೆಳಿಗ್ಗೆ ಮದರಾಸು. ಹಗಲೆಲ್ಲ ಮರಳಲ್ಲಿ ಕೂತಿದ್ದು ರಾತ್ರಿಯ ಗಾಡಿಗೇ ಹಿಂದಿರುಗುವುದು. ಸೋಮವಾರ ಎರಡನೇ ಪಾಳಿಗೆ ನನ್ನನ್ನು ಹಾಕಿಸುವುದು ಅವರ ಜವಾಬ್ದಾರಿ.

ಆ ಸಂಜೆ ಅವಳಿಗೆ ಹೇಳಿದೆ. ಒಲೆ ಮುಂದೆ ಕೂತವಳು ತಿರುಗದೆಯೇ ಕೇಳಿದಳು: "ಅದಕ್ಕೆ ಆಚೆ ದಡ ಇಲ್ವಾ?"

"ಕಾಣಕ್ಕಿಲ್ವಂತೆ."

"ನಮ್ಮ ನಾಲೆ ನೀರೂ ಅಲ್ಲಿಗೇ ಓಯ್ತದಾ?"

"ಗದ್ದೇಲಿ ಮಿಕ್ಕಿದ್ದು ಹೊಳೆ ಸೇರಿ ಓಯ್ತದೆ."

ತಿಂಗಳುಗಳ ಮೇಲೆ ಅವಳಾಗಿ ಆಡಿದ ಮಾತು ಅದು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಸಂಜೆಯಾದರೆ ಮದರಾಸಿನದೇ ಮಾತು. ಬುತ್ತಿಗೆ ಏನು ಕಟ್ಟುವುದು, ಎಮ್ಮೆಯ ಹಾಲು ಕರೆಯುವವರು ಯಾರು, ಉಪ್ಪುನೀರಿನಲ್ಲಿ ಸೀರೆ ನೆಂದರೆ ಬಣ್ಣ ಬಿಡುತ್ತದೆಯೋ ಇಲ್ಲವೋ. ಮೇಸ್ತ್ರಿ ಒಮ್ಮೊಮ್ಮೆ ಬಂದು ಜಗಲಿಯಲ್ಲಿ ಕೂತು, ಅಲೆ ಬಂದಾಗ ಕಾಲಡಿಯ ಮರಳು ಹೇಗೆ ಜಾರುತ್ತದೆಂದು ಹೇಳುತ್ತಿದ್ದರು. ಅವಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಯುದ್ಧದ ಸುದ್ದಿ ಊರಲ್ಲಿ ಇತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಆದರೆ ಯುದ್ಧ ನಡೆಯುತ್ತಿದ್ದದ್ದು ಬೇರೆಲ್ಲೋ ದೂರದಲ್ಲಿ ಎಂದುಕೊಂಡಿದ್ದೆವು.

ಹೊರಡುವ ವಾರವೇ ಮಾತು ಬೇರೆಯಾಯಿತು. ಜಪಾನಿನವರು ಮದರಾಸಿನ ಮೇಲೆ ಬಾಂಬು ಹಾಕುತ್ತಾರಂತೆ, ಜನ ಊರು ಬಿಡುತ್ತಿದ್ದಾರಂತೆ. ಶನಿವಾರ ಬೆಳಿಗ್ಗೆ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದು, "ಈಗ ಬ್ಯಾಡ ಕಣ್ಲಾ" ಅಂದರು. ಮನೆಗೆ ಹೋಗಿ ನೋಡಿದರೆ ಅವಳು ಆಗಲೇ ತಲೆ ಬಾಚಿ, ಮದುವೆಯ ಸೀರೆ ಉಟ್ಟು, ರೊಟ್ಟಿ ಮತ್ತು ಹುರುಳಿಕಾಳಿನ ಚಟ್ನಿಪುಡಿಯ ಗಂಟು ಕಟ್ಟಿಕೊಂಡು ಕೂತಿದ್ದಳು. ವಿಷಯ ಹೇಳಿದೆ.

"ಟೇಸನ್ ಗಂಟ ಓಗನ. ಅಲ್ಲಿನೋರೇ ಬ್ಯಾಡ ಅಂದ್ರೆ ವಾಪಸ್ ಬತ್ತೀನಿ" ಅಂದಳು.

ಸ್ಟೇಷನ್ನಿನ ಟಿಕೆಟ್ ಗುಮಾಸ್ತರು ನಾನು ಊರಿನ ಹೆಸರು ಹೇಳಿದ ಕೂಡಲೇ ತಲೆಯೆತ್ತಿ ನೋಡಿದರು. "ಅಲ್ಲಿನ ಜನ ಓಡಿ ಬರ್ತಾ ಇದಾರೆ, ನೀವು ಅಲ್ಲಿಗೆ ಹೋಗ್ತೀರಾ?" ಅಷ್ಟರಲ್ಲಿ ಬೆಂಗಳೂರು ಕಡೆಯಿಂದ ಮೈಸೂರಿಗೆ ಹೋಗುವ ಗಾಡಿ ಬಂತು. ಕಿಟಕಿಗಳಲ್ಲೆಲ್ಲ ಮುಖಗಳು. ಬಾಗಿಲಲ್ಲಿ ಟ್ರಂಕು, ಹಾಸಿಗೆ ಸುರುಳಿ, ಹಿತ್ತಾಳೆ ಕೊಡ, ಅವುಗಳ ಸಂದಿಯಲ್ಲಿ ಮನುಷ್ಯರು. ಆ ನೂಕಾಟದಲ್ಲಿ ಒಬ್ಬ ಹೆಂಗಸು ಕೂಸನ್ನು ಎದೆಗೊತ್ತಿಕೊಂಡು ಇಳಿದಳು. ಯಾರೋ ಅವಳ ಟ್ರಂಕನ್ನು ಕಿಟಕಿಯಿಂದ ಕೆಳಗೆ ಕೊಟ್ಟರು. ಗಾಡಿ ಹೊರಟಿತು. ಆಕೆ ಪ್ಲಾಟ್‌ಫಾರಂ ಮೇಲೆ ಕುಸಿದು ಕೂತು ತಮಿಳಿನಲ್ಲಿ ಏನೋ ಕೂಗುತ್ತಿದ್ದಳು. ಜ್ವರದ ತಾಪಕ್ಕೆ ಕೂಸಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು.

ನಾನು ಇನ್ನೂ ನೋಡುತ್ತಿದ್ದಂತೆ ನನ್ನ ಹೆಂಡತಿ ಅಲ್ಲಿಗೆ ಹೋಗಿಬಿಟ್ಟಿದ್ದಳು. ಬುತ್ತಿಯ ಬಟ್ಟೆ ಬಿಚ್ಚಿ ರೊಟ್ಟಿಗಳನ್ನು ನೆಲಕ್ಕೆ ಸುರಿದು, ಆ ಬಟ್ಟೆಯನ್ನು ನಲ್ಲಿಯಲ್ಲಿ ನೆನೆಸಿ ತಂದಳು. "ಇತ್ತ ಕೊಡವ್ವ ಕೂಸ್ನ" ಅಂದಳು. ಭಾಷೆ ತಿಳಿಯದಿದ್ದರೂ ಆಕೆ ಕೊಟ್ಟಳು. ಒದ್ದೆ ಬಟ್ಟೆಯನ್ನು ಹಣೆಗೆ, ಕಂಕುಳಿಗೆ, ಅಂಗಾಲಿಗೆ ಒತ್ತುತ್ತಾ ಅವಳು ನನ್ನತ್ತ ತಿರುಗಿ, "ಗಾಡಿ ತತ್ತಾ, ಮನೆಗೆ ಓಗನ" ಅಂದಳು. ಜಟಕಾ ಕರೆತಂದೆ. ಬೆಂಗಳೂರಿಗೆ ಹೋಗುವ ನಮ್ಮ ರೈಲು ಕೂಗಿದ್ದು ದಾರಿಯಲ್ಲಿ ಕೇಳಿಸಿತು.

ಮಾರನೆಯ ದಿನ, ಮದರಾಸಿನ ಮರಳಲ್ಲಿ ಕಳೆಯಬೇಕಾಗಿದ್ದ ಭಾನುವಾರ, ಮೇಸ್ತ್ರಿ ಡಾಕ್ಟರನ್ನು ಕರೆದುಕೊಂಡು ಬಂದರು. ಆಕೆಯ ತಮಿಳನ್ನು ನಮಗೆ ಹೇಳಿದವರೂ ಅವರೇ. ಗಂಡ ಬಂದರಿನಲ್ಲಿ ಕೂಲಿ, ಅವನನ್ನು ಕೆಲಸದಿಂದ ಬಿಡಲಿಲ್ಲ. ನೆರೆಯವರ ಜೊತೆ ಮೈಸೂರಿನ ಅಣ್ಣನ ಮನೆಗೆ ಹೊರಟವಳು, ಕೂಸಿಗೆ ಜ್ವರ ಏರಿತೆಂದು ಒಬ್ಬಳೇ ಇಲ್ಲಿ ಇಳಿದುಬಿಟ್ಟಿದ್ದಳು. ನನ್ನ ಹೆಂಡತಿ ಒಂದೇ ಒಂದು ಪ್ರಶ್ನೆ ಕೇಳಿಸಿದಳು: ಸಮುದ್ರ ಹೇಗಿದೆ? ಆಕೆ ಮುಖ ಸಿಂಡರಿಸಿದಳು. ಮೇಸ್ತ್ರಿ ಹೇಳಿದರು: "ಆ ಸದ್ದು ಕೇಳಿ ಕೇಳಿ ಸಾಕಾಗೋಯ್ತಂತೆ ಕಣವ್ವ. ಈಗ ಅತ್ತಗೆ ತಿರುಗೋಕೇ ಭಯ ಅಂತಾವ್ಳೆ, ಹಡಗು ಬತ್ತದೇನೋ ಅಂತ."

ಕೂಸು ಉಳಿಯಿತು. ಗಂಡು ಕೂಸು. ಜ್ವರ ಬಿಟ್ಟ ಮೇಲೆ ಗಟ್ಟಿಯಾಗಿ ಅಳುತ್ತಿತ್ತು. ತಾಯಿ ಸುಸ್ತಾಗಿ ಮಲಗಿದ್ದಾಗಲೆಲ್ಲ ನನ್ನ ಹೆಂಡತಿಯೇ ಎತ್ತಿಕೊಂಡಿರುತ್ತಿದ್ದಳು. ಬಜೆ ತೇಯ್ದು ನಾಲಿಗೆಗೆ ಸವರುತ್ತಿದ್ದಳು, ಕಾಲ ಮೇಲೆ ಹಾಕಿಕೊಂಡು ನೀರೆರೆಯುತ್ತಿದ್ದಳು, ಅಟ್ಟಕ್ಕೇರಿಸಿದ್ದ ತೊಟ್ಟಿಲನ್ನು ನನ್ನ ಕೈಲಿ ಇಳಿಸಿಕೊಂಡಳು. ಮನೆಯಲ್ಲಿ ಜೋಗುಳ ಕೇಳಿಸಿತು. ನನಗೆ ಸಂತೋಷವಾಗಬೇಕಾಗಿತ್ತು. ಒಳಗೊಳಗೇ ಹೆದರಿಕೆಯಾಗುತ್ತಿತ್ತು.

ಮೇಸ್ತ್ರಿ ಮೈಸೂರಿಗೆ ಹೇಳಿಕಳಿಸಿದ್ದರು. ವಾರ ತುಂಬುವುದರೊಳಗೆ ಆಕೆಯ ಅಣ್ಣ ಬಂದ. ಟ್ರಂಕು ಹೊರಗೆ ಹೋಯಿತು. ನನ್ನ ಹೆಂಡತಿ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡೇ ಮೇಸ್ತ್ರಿಗೆ ಹೇಳಿದಳು:

"ಅಣ್ಣಾ, ಪೂರ್ತಿ ಗುಣ ಆಗೋಗಂಟ ಕೂಸ್ನ ಇಲ್ಲೇ ಬುಟ್ಟು ಓಗ್ಲಿ ಅನ್ನಿ. ನಾ ನೋಡ್ಕೋತೀನಿ. ಯಾವಾಗ್ಲಾದ್ರೂ ಬಂದು ಕರ್ಕೊಂಡೋಗ್ಲಿ."

ಮೇಸ್ತ್ರಿ ನನ್ನ ಮುಖ ನೋಡಿದರು. ಆ ಮಾತನ್ನು ಅವರು ತಮಿಳಿನಲ್ಲಿ ಹೇಳಲೇ ಇಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಆಕೆ ನನ್ನ ಹೆಂಡತಿಯ ಮುಖವನ್ನೇ ನೋಡುತ್ತಿದ್ದಳು. ಹತ್ತಿರ ಬಂದು ಎರಡೂ ಕೈ ಚಾಚಿದಳು. ಇವಳು ಕೊಡಲಿಲ್ಲ. ಆಕೆ ಕೂಸನ್ನು ಮೆಲ್ಲಗೆ ಬಿಡಿಸಿಕೊಳ್ಳಬೇಕಾಯಿತು. ಆಮೇಲೆ ಬಗ್ಗಿ ನನ್ನ ಹೆಂಡತಿಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಹಿಂದೆ ನೋಡದೆ ಜಟಕಾ ಹತ್ತಿದಳು.

ನನ್ನ ಹೆಂಡತಿ ಅತ್ತದ್ದು ಆವತ್ತು. ನಮ್ಮ ಮಗು ಹೋದಾಗ ಬಾರದ ಅಳು ಆವತ್ತು ಬಂತು, ಬೀದಿಯ ಜನ ಬಾಗಿಲಿಗೆ ಬಂದು ನಿಲ್ಲುವಷ್ಟು. ಆಮೇಲೆ ಮತ್ತೆ ಹಳೆಯ ಮೌನ. ನಮಗೆ ಮತ್ತೆ ಮಕ್ಕಳಾಗಲಿಲ್ಲ.

ಯುದ್ಧ ಮುಗಿದು ಎರಡು ಮೂರು ವರ್ಷದ ಮೇಲೆ ಯಂತ್ರದ ಬಿಡಿಭಾಗ ತರಲು ನನ್ನನ್ನು ಮದರಾಸಿಗೆ ಕಳಿಸಿದರು. ಜೊತೆಗೆ ಬಾ ಎಂದು ಕರೆದೆ. "ನಂಗ್ಯಾಕೆ" ಅಂದಳು. ಒಬ್ಬನೇ ಹೋದೆ. ಕೆಲಸ ಮುಗಿಸಿ ಸಂಜೆ ಸಮುದ್ರದ ಮುಂದೆ ನಿಂತೆ. ಮೇಸ್ತ್ರಿ ಹೇಳಿದ್ದ ಹಾಗೆಯೇ ಕಾಲಡಿಯ ಮರಳು ಜಾರಿತು. ನನಗೆ ಅಲ್ಲಿ ಕೂರಬೇಕು ಅನ್ನಿಸಲಿಲ್ಲ. ಬಂದರಿನ ಗೇಟಿನ ಕಡೆ ನಡೆದು, ಕೆಲಸ ಬಿಟ್ಟು ಬರುತ್ತಿದ್ದ ಕೂಲಿಗಳನ್ನು ಕತ್ತಲಾಗುವವರೆಗೆ ನೋಡುತ್ತಾ ನಿಂತಿದ್ದೆ. ಯಾರನ್ನು ಏನೆಂದು ಕೇಳಲಿ? ಆಕೆಯ ಗಂಡನ ಹೆಸರನ್ನೇ ನಾವು ಕೇಳಿರಲಿಲ್ಲ.

ಮನೆಗೆ ಬಂದಾಗ ಅವಳು ಕಾಲಿಗೆ ನೀರು ಕೊಟ್ಟು, ಊಟಕ್ಕಿಟ್ಟಳು. ಸಮುದ್ರದ ಮಾತು ಎತ್ತಲಿಲ್ಲ.

"ಇಸ್ಕೂಲಿಗೆ ಓಯ್ತಾ ಇದ್ದಾತು ಈಗ" ಅಂದಳು, ಸಾರು ಬಡಿಸುತ್ತಾ.

ಯಾವ ಮಗು ಎಂದು ನಾನು ಕೇಳಲಿಲ್ಲ. ಹೂಂ ಅಂದು ಮುದ್ದೆ ಮುರಿದೆ.